ಮಾವನ ಮನೆಗೆ ಇಗರ್ಜಿಯ ಮುಖ

ಕಾಲುವೆಗೆ ನೀರು ಬಿಟ್ಟ ಮರುವರ್ಷ, ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ ಆರೂವರೆ. ಸ್ಥಳ: ಶಹಾಪುರ, ನನ್ನ ತಾಯಿಯ ತವರುಮನೆಯ ಅಂಗಳ. ಹಾಜರಿದ್ದವರು: ನನ್ನ ಸೋದರಮಾವ, ಅವನ ಅಕ್ಕ ಅಂದರೆ ನನ್ನ ದೊಡ್ಡವ್ವ, ಗೋಡೆ ಕಟ್ಟುವ ಒಬ್ಬ ಗವಂಡಿ ಮತ್ತು ನಾನು. ಅಂದಿನ ಕೆಲಸ: ಮನೆಯ ಹೊಸ ಮುಖಕ್ಕೆ ಸುಣ್ಣ ಬಳಿಯುವುದು.

ಮುಖ ಯಾವುದೆಂದು ಕೇಳಿ. ಗೋವಾದ ಇಗರ್ಜಿಯದು! ನಿತ್ಯ ಹಣೆಗೆ ವಿಭೂತಿ ಹಚ್ಚುವ ಮನುಷ್ಯ ತನ್ನ ಮಣ್ಣಿನ ಮಾಳಿಗೆಯ ಮನೆಗೆ ಚರ್ಚಿನ ಮುಖ ಕಟ್ಟಿಸಿದ್ದ. ಮಾವನಿಗೆ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೆ ಊರೇ ಸುಳ್ಳು ಹೇಳೀತೆ?

ಮಾವ ಭೀಮರಾಯನಗುಡಿಯ ಕಾಲುವೆ ಕೆಲಸದ ಕ್ಯಾಂಪಿನಲ್ಲಿ ಹೋಟೆಲು ಇಟ್ಟಿದ್ದ. ಕ್ಯಾಂಪಿನವರ ಜೊತೆ ಒಮ್ಮೆ ಗೋವಾಕ್ಕೆ ಹೋದ. ಉಳಿದವರು ಸಮುದ್ರ ನೋಡಿ ಬಂದರು. ಇವನು ಇಗರ್ಜಿಯ ಮುಂದೆ ನಿಂತವನು ಬಸ್ಸಿನವನು ಹಾರ್ನ್ ಹೊಡೆದಾಗಲೇ ಕದಲಿದ್ದು. ಅಂದಿನಿಂದ ಗಿರಾಕಿಗಳಿಗೆ ಚಹಾದ ಜೊತೆ ಇಗರ್ಜಿಯೂ ಸಿಗತೊಡಗಿತು.

ಅವನ ವರ್ಣನೆ ತಮಾಷೆಯದಾಗಿರಲಿಲ್ಲ. ಹೇಳುವಾಗ ದನಿ ತಗ್ಗಿಸುತ್ತಿದ್ದ. ನಾನೂರು ವರ್ಷದ ಹಿಂದೆ ಹಡಗಿನಲ್ಲಿ ಬಂದವರು ತಮ್ಮ ದೇಶದ ಮಾದರಿ ತಂದರು. ಕಲ್ಲು ಮಾತ್ರ ಇಲ್ಲಿಯದೇ, ಕೆಂಪು ಜಂಬಿಟ್ಟಿಗೆ. ಮಳೆಗೆ ಅದು ಸವೆಯದಿರಲೆಂದು ಮೇಲೆ ಸುಣ್ಣದ ಗಾರೆ. ಒಳಗೆ ಹಗ್ಗದಂತೆ ಹೊಸೆದ ಕಂಬಗಳು, ಬಂಗಾರದ ರೇಕು ಹಚ್ಚಿದ ಮರದ ಕೆತ್ತನೆ. ಕೆತ್ತಿದವರು ಇಲ್ಲಿಯ ಬಡಿಗೇರು; ಅದಕ್ಕೇ ದೇವದೂತರಿಗೆ ನಮ್ಮ ಕೂಸುಗಳ ಕೆನ್ನೆ. ಮುಂಭಾಗ ಮೇಲೇರಿದಂತೆ ಕಿರಿದಾಗುತ್ತ ಹೋಗುತ್ತದೆ. ನಡುವಿನ ಎತ್ತರದ ಗೋಡೆ ಪಕ್ಕದ ತಗ್ಗು ಗೋಡೆಗಳಿಗೆ ಇಳಿಯುವಲ್ಲಿ, ಎರಡೂ ಬದಿಗೆ ಒಂದೊಂದು ದೊಡ್ಡ ಸುರುಳಿ. ಎತ್ತರ-ತಗ್ಗು ಕಣ್ಣಿಗೆ ಚುಚ್ಚದಂತೆ ಮಾಡುವುದೇ ಆ ಸುರುಳಿಯ ಕೆಲಸವಂತೆ.

ಒಬ್ಬ ಗಿರಾಕಿ ಕೂಗಿದ: "ಸಾವ್ಕಾರ್ರ, ಇಗರ್ಜಿ ಎಷ್ಟನೇ ಅಂತಸ್ತಿಗೆ ಬಂತ್ರಿ? ಇಲ್ಲಿ ಮಿರ್ಚಿ ಕರ್ರಗಾದ್ವು!"

ಮಾವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಗವಂಡಿಗೆ ಸುರುಳಿ ತಿಳಿಸುವುದು ಹೇಗೆ? ಕಾದ ಎಣ್ಣೆಗೆ ಜಿಲೇಬಿ ಹಿಟ್ಟು ಬಿಟ್ಟು ದೊಡ್ಡದೊಂದು ಸುರುಳಿ ತೆಗೆದು, ಪಾಕದಲ್ಲಿ ಅದ್ದಿ ತಟ್ಟೆಯಲ್ಲಿಟ್ಟ. "ನೋಡಪಾ, ಹಿಂಗ ಬರಬೇಕು." ಗವಂಡಿ ತಟ್ಟೆ ತಿರುಗಿಸಿ ತಿರುಗಿಸಿ ನೋಡಿದ. ಮಾವ ಗಲ್ಲಾಪೆಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ತಟ್ಟೆ ಖಾಲಿ!

"ನಕ್ಷಾನ ತಿಂದ್ಯಲ್ಲೋ!"

"ಇನ್ನೊಮ್ಮಿ ತೋರಸ್ರಿ ಸಾವ್ಕಾರ್ರ. ಅರ್ಧ ತಿಳಿದದ."

ಇನ್ನು ನಿಜವಾದ ಸಂಕಟಕ್ಕೆ ಬರುತ್ತೇನೆ. ಆ ಮನೆ ಒಂದೇ ಮುಖದ ಎರಡು ಸಂಸಾರ: ಬಲಕ್ಕೆ ಮಾವ, ಎಡಕ್ಕೆ ವಿಧವೆ ದೊಡ್ಡವ್ವ. ಕಾಲುವೆ ನೀರು ಬಂದ ಮೇಲೆ ಕಪ್ಪು ಎರೆಮಣ್ಣು ಉಬ್ಬಿ, ದೊಡ್ಡವ್ವನ ಕೊನೆಯ ಗೋಡೆ ಬಿರುಕುಬಿಟ್ಟು ಹೊರಗೆ ವಾಲಿತ್ತು. ಇನ್ನೊಂದು ಮಳೆಗಾಲ ತಡೆಯುವಂತಿರಲಿಲ್ಲ. ಮಾವ ರಿಪೇರಿ ಮಾಡಿಸುತ್ತೇನೆಂದಾಗಲೆಲ್ಲ ಆಕೆಯದು ಒಂದೇ ಉತ್ತರ: "ನನ್ನ ಗ್ವಾಡಿ ನಾ ನೋಡ್ಕೋತೀನಿ. ತಮ್ಮನ ಮುಂದ ಕೈ ಒಡ್ಡಾಕ ಹುಟ್ಟಿಲ್ಲ ನಾ." ತಮ್ಮ ಕಳಿಸಿದ ಜೋಳವನ್ನೇ ವಾಪಸ್ ಕಳಿಸಿದ ಹೆಂಗಸು!

ಆಮೇಲೆ ಇಗರ್ಜಿಯ ಹುಚ್ಚು ಬಂತು. ಒಂದು ದಿನ ಮಾವ ಅಕ್ಕನ ಹೊಸ್ತಿಲ ಹೊರಗೆ ನಿಂತು ಅಂಗಲಾಚಿದ: "ಯಕ್ಕಾ, ನನ್ನ ಕಡಿ ಸುರುಳಿ ಬಂತು. ನಿನ್ನ ಕಡಿ ಇಲ್ಲಂದ್ರ ಮುಖ ಸೊಟ್ಟ ಕಾಣ್ತದ. ನಿನ್ನ ಗ್ವಾಡಿ ಮಗ್ಗಲ ಒಂದೀಟು ಜಾಗಾ ಕೊಡು."

"ನನ್ನ ಮನಿಗೆ ಯಾಕೋ ಜಿಲೇಬಿ?"

"ಒಂಟಿ ಕಿವಿಗೆ ವಾಲಿ ಇಟ್ರ ಮಂದಿ ನಗಂಗಿಲ್ಲೇನ?"

ದೊಡ್ಡವ್ವ ನನ್ನತ್ತ ತಿರುಗಿದಳು. "ನೋಡಪಾ, ವಯಸ್ಸಾದ್ರೂ ಇವನ ಹಟ ಹೋಗಿಲ್ಲ. ಹೋಗ್ಲಿ, ಕಟ್ಕೋ. ನನ್ನ ಗಂಟೇನ್ ಹೋಗ್ತದ?" ಭಿಕ್ಷೆ ಹಾಕಿದವಳಂತೆ ಸೆರಗು ಕೊಡವಿ ಒಳಗೆ ಹೋದಳು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮಾವನ ಬದಿಯ ಸುಣ್ಣ ಮುಗಿಯಿತು. ಅಂಗಳ ಗುಡಿಸುವಾಗ ನನಗೊಂದು ವಿಷಯ ಕಂಡಿತು: ಮಾವನ ಬದಿಗೆ ಬರೀ ಇಟ್ಟಿಗೆಯ ಚೂರು, ದೊಡ್ಡವ್ವನ ಬದಿಗೆ ಬಂಡೆಗಲ್ಲಿನ ರಾಶಿ. ಗವಂಡಿಯನ್ನು ಕೇಳಿದೆ.

"ಸಾವ್ಕಾರ್ರ ಕಡಿ ಬುನಾದಿಗೆ ಮಣಕಾಲುದ್ದ ಕುಣಿರಿ, ಬರೇ ತೋರ್ಕಿ. ಅಕ್ಕಾರ ಕಡಿ ಕೆಳಗಿನ ಗಟ್ಟಿ ಗರಸು ಹತ್ತೋತನಕ ತಗಿ ಅಂದ್ರು ಸಾವ್ಕಾರ್ರು. ಆಳು ಮುಳುಗೋವಷ್ಟು ಇಳದೀವಿ. ಆ ವಾಲಿದ ಗ್ವಾಡಿ ಯಾಕ, ಆನೆ ಒರಗಿದ್ರೂ ಅಳ್ಳಾಡಂಗಿಲ್ಲ."

ಮಾವನ ಮುಖ ನೋಡಿದೆ. ಅವನು ಬುಟ್ಟಿ ಎತ್ತಿಕೊಂಡು, "ಮೆಲ್ಲಕ ಮಾತಾಡ್ರೋ," ಎಂದಷ್ಟೇ ಹೇಳಿ ನೀರು ತರಲು ಹೋದ.

ಸಂಜೆ ದೊಡ್ಡವ್ವನೇ ಸುಣ್ಣದ ಕುಂಚ ಕಸಿದುಕೊಂಡಳು. ತನ್ನ ಬದಿಯ ಸುರುಳಿಗೆ ಯಾರೂ ಕೈ ಹಚ್ಚಕೂಡದಂತೆ. ನಾನು ಡಬ್ಬಿ ಹಿಡಿದು ನಿಂತೆ. ಸುರುಳಿಯ ಒಳಮೈಗೆ, ಯಾರ ಕಣ್ಣಿಗೂ ಬೀಳದ ಜಾಗಕ್ಕೂ, ಎರಡೆರಡು ಸಲ ಬಳಿದಳು.

"ಭಾಳ ಚಂದ ಆತು ದೊಡ್ಡವ್ವಾ," ಎಂದೆ.

ಆಕೆ ಕುಂಚ ನಿಲ್ಲಿಸಲಿಲ್ಲ. "ಗವಂಡಿ ಊಟಕ್ಕ ಹೋದಾಗ ಕುಣಿಯಾಗ ಇಳದು ಕಲ್ಲು ಜೋಡಿಸ್ತಿದ್ದವ ನಿಮ್ಮ ಮಾವನೇ. ಉಸಿರು ಹತ್ತಿ ಕುಂದ್ರತಿದ್ದ, ಮತ್ತ ಏಳ್ತಿದ್ದ. ಕಿಡಕಿಯಾಗಿಂದ ದಿನಾ ನೋಡೀನಿ." ನನ್ನ ಡಬ್ಬಿಗೆ ಕುಂಚ ಅದ್ದುತ್ತ ಅಂದಳು: "ನಂಗ ಗೊತ್ತಾಗ್ಯಾದಂತ ಹೇಳಬ್ಯಾಡ. ಪಾಪ, ಅಷ್ಟು ಕಷ್ಟಪಟ್ಟು ಹುಚ್ಚ ಆಗ್ಯಾನ."

ಕುಂಚ ತೊಳೆದಿಟ್ಟು, ಒಲೆಯ ಮೇಲೆ ತವೆ ಇಟ್ಟು, ಒಳಗಿನಿಂದಲೇ ಕೂಗಿದಳು: "ಅವನ್ನ ಕರಿ. ರೊಟ್ಟಿ ಇಲ್ಲೇ ತಿನ್ಲಿ."

ಹೋಗಿ ಕರೆತಂದೆ. ಅಂದಿನ ಕೊನೆಯ ಕೆಲಸ ಅದು.