ಸುಲ್ತಾನನ ಹೊಟ್ಟೆಗೆ ಹಚ್ಚಿದ ಕಿವಿ

ರೋಣದ ಪ್ರಭುಲಿಂಗಪ್ಪನವರಿಗೆ ಜಗತ್ತಿನಲ್ಲಿ ತಿಳಿಯದ ವಿಷಯಗಳು ಬೇಕಾದಷ್ಟಿದ್ದವು. ಆದರೆ ಹೊಟ್ಟೆಯ ವಿಷಯದಲ್ಲಿ ಮಾತ್ರ ಅವರು ಯಾರಿಗೂ ಸೋಲುವವರಲ್ಲ! ಅದೂ ಎಂಥ ಹೊಟ್ಟೆ? ಎತ್ತಿನ ಹೊಟ್ಟೆ! ಸಂತೆಯಲ್ಲಿ ಯಾರೇ ಎತ್ತು ಕೊಳ್ಳಲಿ, ಪ್ರಭುಲಿಂಗಪ್ಪನವರು ರುಮಾಲು ಸರಿಸಿ ಅದರ ಎಡಪಕ್ಕೆಗೆ ಕಿವಿ ಹಚ್ಚಲೇಬೇಕು. ಒಳಗೆ ಗುಡುಗುಡು ಸಪ್ಪಳ ಕೇಳಿದರೆ ಎತ್ತು ಹೊಟ್ಟೆತುಂಬ ಮೇಯ್ದಿದೆ, ಗಟ್ಟಿಯಾಗಿದೆ. ಸಪ್ಪಳವಿಲ್ಲದಿದ್ದರೆ ರೋಗದ ಎತ್ತು. ಇಷ್ಟೇ ವಿದ್ಯೆ. ಇಷ್ಟರ ಮೇಲೇ ಅವರು ಇಪ್ಪತ್ತು ವರ್ಷ ದೊಡ್ಡ ಮನುಷ್ಯರಾಗಿದ್ದರು.

"ಒಮ್ಮೆ ಕಿವಿ ಹಚ್ಚಿದ್ನಿ ಅಂದ್ರ, ನಿನ್ನೆ ಏನ್ ತಿಂದೈತಿ ಅನ್ನೋದಷ್ಟ ಅಲ್ಲ, ನಾಳೆ ಏನ್ ತಿನ್ನಬೇಕಂತ ಮಾಡೇತಿ ಅನ್ನೋದನ್ನೂ ಹೇಳ್ತೀನಿ!" ಎಂದು ಅವರು ಕಟ್ಟೆಯ ಮೇಲೆ ಮೀಸೆ ತಿರುವುತ್ತಿದ್ದರು.

"ಮನ್ಯಾಗ ಹೆಣ್ತಿ ಉಂಡಾಳೋ ಇಲ್ಲೋ, ಅದನ್ನೊಂದೀಟು ಹೇಳ್ರಿ ನೋಡೂಣು," ಎಂದು ಹೆಂಡತಿ ಚನ್ನವ್ವ ಒಳಗಿನಿಂದಲೇ ಮಾತು ಒಗೆಯುತ್ತಿದ್ದಳು.

ಕನ್ನಡ ರಾಜ್ಯ ಒಂದಾದ ಮರುವರ್ಷದ ಮಾತು. ಎರಡು ಮನೆ ಆಚೆಯ ಕಾಶೀಂಸಾಬ, ಊರಿಗೆಲ್ಲ ಗಾದಿ ಹೊಲಿದು ಕೊಡುವವನು, ತಂಗಿಯ ಮಗಳ ಮದುವೆಗೆಂದು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊಳೆಆಲೂರಿಗೆ ಹೊರಟ. ಚಕ್ಕಡಿ ಬಾಗಿಲಲ್ಲಿ ನಿಂತಿತ್ತು. ಅವನ ತಾಯಿ ಮುಮತಾಜಬಿ ಆಗಲೇ ಹತ್ತಿ ಕೂತಿದ್ದಳು. ಕಾಶೀಂಸಾಬ ನಾಯಿಯನ್ನು ಹಗ್ಗ ಹಿಡಿದು ತಂದು ಪ್ರಭುಲಿಂಗಪ್ಪನವರ ಅಂಗಳದಲ್ಲಿ ನಿಲ್ಲಿಸಿದ. ನಾಯಿಯ ಹೆಸರು ಸುಲ್ತಾನ. ಬಣ್ಣ ಕಂದು, ಒಂದು ಕಿವಿ ಮಡಚಿದ್ದು, ರಾಜ್ಯ ಆ ಓಣಿಯಷ್ಟೇ.

"ಅಣ್ಣಾರ, ನಾಕು ದಿನ ನೋಡ್ಕೋರಿ. ಇದಕ್ಕ ಊಟಕ್ಕ ಇಡೂವಾಗ—"

"ಏ ಕಾಶೀಮಾ! ನಾಯಿಗೆ ಕೂಳು ಹಾಕೋದನ್ನ ನನಗ ಕಲಿಸಾಕ ಬಂದೇನು?"

"ಹಂಗಲ್ರಿ, ಇದರದೊಂದು—"

"ರೋಣ ತಾಲೂಕಿನ ಎತ್ತೆಲ್ಲ ನನ್ನ ಕಿವಿಗೆ ಹೊಟ್ಟಿ ಕೊಟ್ಟು ಮಾತಾಡ್ಯಾವು! ನಿನ್ನ ನಾಯಿ ಯಾವ ಲೆಕ್ಕ? ಹೋಗು, ಹೊತ್ತಾತು!"

ಚಕ್ಕಡಿಯವನೂ ಕೂಗಿದ. ಕಾಶೀಂಸಾಬ ತಲೆ ಕೆರೆದುಕೊಂಡು ಹೋದ. ಚನ್ನವ್ವ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಮಧ್ಯಾಹ್ನ ಚನ್ನವ್ವ ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ನಾಯಿಯ ಮುಂದಿಟ್ಟಳು. ಸುಲ್ತಾನ ತಾಟನ್ನು ನೋಡಿತು, ಚನ್ನವ್ವನನ್ನು ನೋಡಿತು. ಜೊಲ್ಲು ಸುರಿಸಿತು. ಆದರೆ ಬಾಯಿ ಹಾಕಲಿಲ್ಲ!

"ರೀ, ನಾಯಿ ತಿನ್ನವಲ್ದು."

ಪ್ರಭುಲಿಂಗಪ್ಪನವರು ರುಮಾಲು ಸರಿಸಿ, ನೆಲಕ್ಕೆ ಬೋರಲು ಬಿದ್ದು, ನಾಯಿಯ ಹೊಟ್ಟೆಗೆ ಕಿವಿ ಹಚ್ಚಿದರು. ಗುಡುಗುಡು! ಅವರ ಮುಖ ಅರಳಿತು.

"ಏನ್ ಸಪ್ಪಳ, ಏನ್ ಸಪ್ಪಳ! ಹೊಟ್ಟಿ ಗಚ್ಚಾಗಿ ತುಂಬೇತಿ. ಕಾಶೀಮ ಬೆಳಗ್ಗೆನ ತಿನ್ನಿಸ್ಯಾನ. ತಾಟು ಎತ್ತು!"

ಸಂಜೆಗೂ ಅದೇ ಕತೆ. ಸಪ್ಪಳ ಮಾತ್ರ ದುಪ್ಪಟ್ಟು. ಮರುದಿನ ಮುಂಜಾನೆ ಅಂಗಳದಲ್ಲಿ ನಿಂತವರಿಗೆ ಕಿವಿ ಹಚ್ಚದೆಯೇ ಕೇಳುವಂತಾಯಿತು. ಅರಳೆ ಅಂಗಡಿಯ ಗುರುಸಂಗಪ್ಪ, ಗಂಜಿ ಹಾಕಿದ ಬಿಳಿ ಧೋತರ ಉಟ್ಟು ಪ್ಯಾಟಿಗೆ ಹೊರಟವನು, ಬಾಗಿಲಲ್ಲೇ ನಿಂತ.

"ಏನ್ರಿ ಪ್ರಭಣ್ಣಾರ, ಹಿಟ್ಟಿನ ಗಿರಣಿ ಹಾಕಿಸೀರೇನು?"

"ಅಜೀರ್ಣ!" ಎಂದು ಪ್ರಭುಲಿಂಗಪ್ಪನವರು ಘೋಷಿಸಿದರು. "ನಿನ್ನೆ ತುಂಬಿದ ಹೊಟ್ಟಿ ಇನ್ನೂ ಖಾಲಿ ಆಗಿಲ್ಲ. ಕೇಳು ಇಲ್ಲೆ, ಗುಡುಗುಡು ಅಂದ್ರ ವಾಯು. ಕೊಳಕೊಳ ಅಂದ್ರ ನೀರು. ಕುಂಯ್ ಅಂದ್ರ ಜಂತಿನ ಹುಳ. ಮೂರೂ ಅದಾವ!"

"ಕುಂಯ್ ಅಂದದ್ದು ಅದರ ಬಾಯಿರಿ," ಎಂದಳು ಚನ್ನವ್ವ. "ಅಳಾಕತ್ತೈತಿ."

"ನಿನಗ ತಿಳಿಯೂದಿಲ್ಲ, ನೀ ಸುಮ್ಮನಿರು!"

ಲಂಘನವೇ ಪರಮ ಔಷಧ ಎಂದು ಹಿರಿಯರು ಹೇಳಿದ್ದಾರೆ. ಬೀದಿಯಲ್ಲಿ ಹಾಳುಮೂಳು ತಿಂದು ಲಂಘನ ಕೆಡಿಸೀತೆಂದು ನಾಯಿಯನ್ನು ಕಂಬಕ್ಕೆ ಬಿಗಿದದ್ದಾಯಿತು. ಮುಂದೆ ನೀರು ಮಾತ್ರ. ಮೇಲೆ ಇಂಗು, ಅಜಿವಾನದ ಕಷಾಯ. ಅದರ ಮೇಲೆ ಭೇದಿಗೆ ಔಡಲೆಣ್ಣೆ. ದನಕ್ಕೆ ಔಷಧ ಹೊಯ್ಯುವ ಬಿದಿರಿನ ಗೊಟ್ಟವನ್ನೇ ತಂದು, ಗುರುಸಂಗಪ್ಪನಿಂದ ನಾಯಿಯ ಕಾಲು ಹಿಡಿಸಿ, ಪ್ರಭುಲಿಂಗಪ್ಪನವರು ಬಾಯೊಳಗೆ ಎಣ್ಣೆ ಹೊಯ್ದರು. ಅರ್ಧ ಅದರ ಹೊಟ್ಟೆಗೆ, ಅರ್ಧ ಇವರ ತೋಳಿಗೆ.

ಔಷಧ ಬಲು ಬೇಗ ಗುಣ ತೋರಿಸಿತು. ಚನ್ನವ್ವ ಆಗಷ್ಟೇ ಸಾರಿಸಿದ್ದ ಅಂಗಳದ ಮೇಲೂ ತೋರಿಸಿತು, ಗುರುಸಂಗಪ್ಪನ ಗಂಜಿ ಹಾಕಿದ ಧೋತರದ ಮೇಲೂ ತೋರಿಸಿತು! ಅವನು ಆ ದಿನ ಪ್ಯಾಟಿಗೆ ಹೋಗಲಿಲ್ಲ. ಹೋದದ್ದು ಬಾವಿಗೆ.

"ನೋಡಿದೇನ, ಹೊಟ್ಟಿ ಖಾಲಿ ಆತು! ಇನ್ನ ತಿಂತೈತಿ," ಎಂದರು ಪ್ರಭುಲಿಂಗಪ್ಪನವರು.

ತಿನ್ನಲಿಲ್ಲ. ರೊಟ್ಟಿ ಇಟ್ಟರೆ ಅದರ ಮುಂದೆ ಮಡಚದ ಕಿವಿಯನ್ನು ನೆಟ್ಟಗೆ ಮಾಡಿ ಕೂತು, ಇವರ ಮುಖವನ್ನೇ ನೋಡುತ್ತಿತ್ತು. ಬಾಲ ಒಂದು ಸಲ ಅಲ್ಲಾಡುತ್ತಿತ್ತು. ಆಮೇಲೆ ಅದೂ ನಿಂತಿತು.

ಮೂರನೆಯ ದಿನ ಸುಲ್ತಾನ ಮಲಗಿದ ಜಾಗದಿಂದ ಏಳಲಿಲ್ಲ. ಪಕ್ಕೆಲುಬು ಎಣಿಸಬಹುದಾಗಿತ್ತು.

"ಹೊಳೆಆಲೂರಿಗೆ ಹೇಳಿ ಕಳಸ್ರಿ," ಎಂದಳು ಚನ್ನವ್ವ. "ಕಾಶೀಮ ಅವತ್ತು ಏನೋ ಹೇಳಾಕ ಬಂದಿದ್ದ."

"ಏನಂತ ಹೇಳಿ ಕಳಸ್ಲಿ? ನಿನ್ನ ನಾಯಿ ನನಗ ತಿಳೀವಲ್ದು ಅಂತೇನು? ಊರಾಗ ಮಾರಿ ಹ್ಯಾಂಗ ತೋರಿಸ್ಲಿ?"

"ಹಂಗಾರ ದನದ ದವಾಖಾನಿಗರ ಒಯ್ರಿ."

"ದವಾಖಾನಿಗೆ? ನಾನು?"

ಚನ್ನವ್ವ ಅವರ ಮುಂದೆ ಊಟದ ತಾಟು ಬಡಿದಿಟ್ಟು ಒಳಗೆ ಹೋದಳು. ಪ್ರಭುಲಿಂಗಪ್ಪನವರು ತಾಟಿನ ಮುಂದೆ ಕೂತರೂ ರೊಟ್ಟಿ ಮುಟ್ಟದೆ ಎದ್ದುಬಿಡುತ್ತಿದ್ದರು. ಕಿಟಕಿಯಾಚೆಯಿಂದ ಆ ಎರಡು ಕಣ್ಣು! ನಂಬಿ ಬಿಟ್ಟುಹೋದ ಜೀವ, ತನ್ನ ಅಂಗಳದಲ್ಲಿ, ತನ್ನ ಹಗ್ಗದಲ್ಲಿ ಸಾಯುತ್ತಿದೆ. ಒಂದು ಮಾತು ಕಳಿಸಿದರೆ ಸಾಕು. ಆ ಒಂದು ಮಾತಿಗೆ ಅವರ ಮೀಸೆ ಅಡ್ಡ ಬರುತ್ತಿತ್ತು. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಆದರೂ ಅವರು ಮಾತು ಕಳಿಸಲಿಲ್ಲ. ಬದಲಿಗೆ ಒಂದು ಸುಳ್ಳು ಹೊಂದಿಸಿಟ್ಟುಕೊಂಡರು.

ನಾಲ್ಕನೆಯ ದಿನ ಮುಂಜಾನೆ ಚಕ್ಕಡಿ ಬಂತು. ಓಣಿಯೆಲ್ಲ ಅಂಗಳದಲ್ಲಿ ಸೇರಿತು, ಹೊಸ ಧೋತರ ಉಟ್ಟ ಗುರುಸಂಗಪ್ಪನೂ ದೂರದಲ್ಲಿ ನಿಂತ. ಪ್ರಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು.

"ಏನ್ ಹೇಳ್ಲೆವ್ವಾ ಮುಮತಾಜವ್ವಾ, ನಿಮ್ಮ ನೆನಪು ಹಚ್ಕೊಂಡು ಊಟ ಬಿಟ್ಟೈತಿ. ನಾ ಮಾಡೂದೆಲ್ಲಾ ಮಾಡೇನಿ. ಇನ್ನ ಆ ದೇವರು ಇಟ್ಟಂಗ."

ಮುದುಕಿ "ಯಾ ಅಲ್ಲಾ!" ಎನ್ನುತ್ತ ನಾಯಿಯ ಪಕ್ಕ ಕುಸಿದು ಕೂತಳು. ಹಗ್ಗ ಬಿಚ್ಚಿದಳು. ತಾಟಿನಲ್ಲಿದ್ದ ರೊಟ್ಟಿಯನ್ನು ಅದರ ಮೂತಿಯ ಹತ್ತಿರ ಸರಿಸಿ, ಕಣ್ಣೊರೆಸಿಕೊಂಡು ಹೇಳಿದಳು:

"ಬಿಸ್ಮಿಲ್ಲಾ. ಖಾ ಬೇಟಾ."

ಸುಲ್ತಾನ ಗಬಕ್ಕನೆ ಬಾಯಿ ಹಾಕಿತು! ಒಂದು ರೊಟ್ಟಿ ಹೋಯಿತು. ಚನ್ನವ್ವ ಒಳಗೆ ಓಡಿದಳು, ಎರಡು ತಂದಳು. ಅವೂ ಹೋದವು. ಮತ್ತೆ ತಂದ ನಾಲ್ಕನೆಯ ರೊಟ್ಟಿಗೆ ಬಾಲ ಅಲ್ಲಾಡತೊಡಗಿತು.

"ಅಯ್ಯ, ಇದಕ್ಕ ಹಸಿವೀರಿ!" ಎಂದ ಗುರುಸಂಗಪ್ಪ. "ನನ್ನ ಧೋತರಾ!"

"ಯಾಕ ಪ್ರಭುಲಿಂಗಾ, ನೀ ಅಂದಿದ್ದಿಲ್ಲೇನು?" ಮುದುಕಿ ಏನೂ ಅರಿಯದೆ ಕೇಳಿದಳು. "ಸಣ್ಣ ಮರಿ ಇದ್ದಾಗಿಂದ ನಾ ಬಿಸ್ಮಿಲ್ಲಾ ಅಂದ ಇಡತೀನಿ. ಅದನ್ನ ಕೇಳದ ಮುಟ್ಟೂದಿಲ್ಲ ಅದು. ಏ ಕಾಶೀಮಾ, ಹೇಳಿ ಬಂದಿದ್ದಿಲ್ಲೇನು ನೀನು?"

ಕಾಶೀಂಸಾಬ ಪ್ರಭುಲಿಂಗಪ್ಪನವರ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಮರತಿದ್ನವ್ವಾ. ತಪ್ಪು ನಂದ."

ಪ್ರಭುಲಿಂಗಪ್ಪನವರಿಗೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಉಪವಾಸ ಬಿದ್ದದ್ದು ಅವನ ನಾಯಿ, ಈಗ ತನ್ನ ಮಾನ ಕಾಯುತ್ತಿರುವವನೂ ಅವನೇ! ತಲೆ ಎತ್ತಿದರೆ ಹೊಸ್ತಿಲಲ್ಲಿ ಚನ್ನವ್ವ ನಿಂತಿದ್ದಳು. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೇ ಕೂತುಬಿಟ್ಟರು.

"ಇಲ್ಲವ್ವಾ. ಅವ ಹೇಳಾಕ ಬಂದಿದ್ದ, ಎರಡು ಸಲ. ನಾನ ಬಾಯಿ ಮುಚ್ಚಿಸಿದ್ನಿ. ನೆನಪಿಗೆ ಊಟ ಬಿಟ್ಟೈತಿ ಅಂದದ್ದೂ ಸುಳ್ಳ. ಉಪವಾಸ ಕೆಡವಿದ್ದು ನಾನ."

ಚನ್ನವ್ವ ಆಗ ಬಾಯಿಬಿಟ್ಟಳು. "ನಾಯಿ ಹೊಟ್ಟಿಗೆ ಮೂರು ದಿನ ಕಿವಿ ಹಚ್ಚಿದ್ರಿ. ಮನಷ್ಯಾರ ಬಾಯಿಗೆ ಒಂದು ಗಳಿಗಿ ಕೊಟ್ಟಿದ್ರ ಆಗ್ತಿತ್ತು."

ಯಾರಾದರೂ ನಕ್ಕಿದ್ದರೆ ಪ್ರಭುಲಿಂಗಪ್ಪನವರು ಬದುಕುತ್ತಿದ್ದರು. ಯಾರೂ ನಗಲಿಲ್ಲ. ಮುಮತಾಜಬಿ ಮಾತ್ರ ಎದ್ದು ಹೋಗಿ, ಮದುವೆಯ ಗಂಟು ಬಿಚ್ಚಿ, ತಾಟಿನಲ್ಲಿ ಉತ್ತತ್ತಿ, ಕಲ್ಲುಸಕ್ಕರೆ ತಂದು ಅವರ ಮುಂದಿಟ್ಟಳು.

"ತಗೋ. ಮದುವಿ ಸಕ್ಕರಿ."

ಪ್ರಭುಲಿಂಗಪ್ಪನವರ ಕೈ ಮೇಲೇಳಲಿಲ್ಲ. ತಾಟು ನೋಡುತ್ತ, ಮುದುಕಿಯ ಮುಖ ನೋಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತರು. ಅಷ್ಟರಲ್ಲಿ ಒಂದು ಹೊಟ್ಟೆ ದೊಡ್ಡದಾಗಿ ಗುಡುಗಿತು. ಎಲ್ಲರೂ ಸುಲ್ತಾನನತ್ತ ತಿರುಗಿದರು. ಸುಲ್ತಾನ ಹೊಟ್ಟೆ ತುಂಬಿ ಆಗಲೇ ನಿದ್ದೆ ಹೋಗಿತ್ತು; ಸಪ್ಪಳ ಅದರದಲ್ಲ.

ಮುಮತಾಜಬಿ ಪ್ರಭುಲಿಂಗಪ್ಪನವರ ಎದುರು ಬಗ್ಗಿ, ತಾಟನ್ನು ಇನ್ನಷ್ಟು ಹತ್ತಿರ ಸರಿಸಿ ಕೇಳಿದಳು:

"ಯಾಕಪಾ, ನಿನಗೂ ಬಿಸ್ಮಿಲ್ಲಾ ಅನ್ನಬೇಕೇನು?"