ಮೊದಲು ಹೌನ್ಸ್ಲೋಗೆ ಹೋಗಬೇಕಾಗಿದ್ದ ಕಾರು

ಹಳೇ ಕಾರು ಇಟ್ಟುಕೊಂಡವರ ಮನೆಯಲ್ಲಿ ಹೀಗೆಲ್ಲ ಆಗುತ್ತಲೇ ಇರುತ್ತದಂತೆ. ಹಾಗೆಂದು ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮುದುಕ ಹೇಳುತ್ತಾನೆ. ಮೂವತ್ತು ವರ್ಷ ಬಸ್ ರಿಪೇರಿ ಮಾಡಿ ನಿವೃತ್ತನಾದವನು, ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಆದದ್ದು ಅವನಿಗೂ ಸ್ವಲ್ಪ ಜಾಸ್ತಿಯೇ ಅನ್ನಿಸಿದೆ.

ನಾನು ಬೆಂಗಳೂರಿನವಳು. ಲಂಡನ್ನಿನ ಹ್ಯಾರೋದಲ್ಲಿರುವ ಧಾರವಾಡದ ಡಾಕ್ಟರ ಮನೆಗೆ ಸೊಸೆಯಾಗಿ ಬಂದವಳು. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ನಮ್ಮತ್ತೆ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾರೆ.

ಕೀಲಿ

ಮಾವ ಕೊನೆಯ ಸಲ ಆಸ್ಪತ್ರೆ ಸೇರಿದಾಗ ದಿಂಬಿನ ಕೆಳಗಿಂದ ಒಂದು ಕೀಲಿ ತೆಗೆದು ನನ್ನ ಕೈಗಿಟ್ಟರು. ಅವರ ಕಾರಿನ ಕೀಲಿ. ವಯಸ್ಸಿನಲ್ಲಿದ್ದಾಗ, ಊರಿಗೆ ಮರಳುತ್ತಿದ್ದ ಒಬ್ಬ ಅಮೆರಿಕನ್ ಡಾಕ್ಟರಿಂದ ಕೊಂಡದ್ದು. ಉದ್ದ ಮೂತಿ, ಎಡಗಡೆ ಸ್ಟೇರಿಂಗ್, ಎಂಟು ಸಿಲಿಂಡರಿನ ಎಂಜಿನ್ನು. ಬಹಳ ವರ್ಷಗಳಿಂದ ಗ್ಯಾರೇಜಿನಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು.

"ಮಗನ ಕೈಯಾಗ ಕೊಟ್ರ ನಾಳಿಗೇ ಗುಜರಿಗೆ ಹಾಕ್ತಾನ. ನೀ ಹಟಮಾರಿ ಇದ್ದಿ, ಅದಕ್ಕ ನಿನಗ ಕೊಡ್ತೀನಿ," ಎಂದರು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮಾವನಿಂದ ನನಗೆ ಸಿಕ್ಕ ಸರ್ಟಿಫಿಕೇಟು ಅದು. "ಗಾಡಿ ಚಾಲೂ ಆದಮ್ಯಾಲೆ ಮೊದಲ ಹೌನ್ಸ್ಲೋದಾಗ ನನ್ನ ತಂಗಿ ಮನಿಗೆ ತಗೊಂಡು ಹೋಗು. ಯಾಕಂದ್ರ..."

ಅಷ್ಟರಲ್ಲಿ ನಮ್ಮತ್ತೆ ಚಹಾದ ಫ್ಲಾಸ್ಕ್ ಹಿಡಿದು ವಾರ್ಡಿನೊಳಗೆ ಬಂದರು. ಮಾವ ಬಾಯಿ ಮುಚ್ಚಿದರು. ಸಾಲದೆಂದು ಕಣ್ಣನ್ನೂ ಮುಚ್ಚಿಕೊಂಡರು. ಐವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ವಿದ್ಯೆ ಅದು.

ಮಾವ ಹೋದ ಮೇಲೆ ಅತ್ತೆ ಒಂದು ವಾಯಿದೆ ಹಾಕಿದರು. "ಮುಂದಿನ ಆಯುಧ ಪೂಜಿಗೆ ಅದು ತನ್ನ ಕಾಲ ಮ್ಯಾಲೆ ಹೊರಗ ಬಂದು ನಿಂದ್ರಬೇಕು. ಇಲ್ಲಂದ್ರ ಗುಜರಿ. ನನಗ ಉಪ್ಪಿನಕಾಯಿ ಭರಣಿ ಇಡಾಕ ಜಾಗ ಬೇಕು." ಕಾರನ್ನು ಬದುಕಿಸುತ್ತೇನೆ ಎಂದೆ. ಹೇಗೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಹೌನ್ಸ್ಲೋದಾಕಿ

ಮಾವನ ತಂಗಿಯನ್ನು ನಾನು ಹೌನ್ಸ್ಲೋ ಅತ್ತೆ ಎನ್ನುತ್ತೇನೆ. ನಮ್ಮತ್ತೆ 'ಹೌನ್ಸ್ಲೋದಾಕಿ' ಎನ್ನುತ್ತಾರೆ. ಇಬ್ಬರೂ ನಲವತ್ತು ವರ್ಷದಿಂದ ಮಾತಾಡಿಲ್ಲ. ಕಾರಣ ಒಂದು ರೊಟ್ಟಿ ಹಂಚು.

ಇವರು ಲಂಡನ್ನಿಗೆ ಹೊರಟಾಗ ಮಾವನ ತಾಯಿ ಧಾರವಾಡದ ಕಮ್ಮಾರನ ಹತ್ತಿರ ಒಂದೇ ಥರದ ಎರಡು ಕಬ್ಬಿಣದ ಹಂಚು ಮಾಡಿಸಿ, ಸೊಸೆಗೊಂದು ಮಗಳಿಗೊಂದು ಕೊಟ್ಟಿದ್ದರು. ಹೌನ್ಸ್ಲೋ ಅತ್ತೆ ಲಂಡನ್ನಿಗೆ ಬಂದ ಹೊಸತರಲ್ಲಿ ಒಂದು ವರ್ಷ ಹ್ಯಾರೋ ಮನೆಯಲ್ಲೇ ಇದ್ದು, ಆಮೇಲೆ ಬೇರೆ ಮನೆ ಮಾಡಿದರು. ಮುಂದಿನ ವಾರ ಊಟಕ್ಕೆ ಬಂದು ಹೋದರು. ಅವತ್ತೇ ನಮ್ಮತ್ತೆಯ ಹಂಚು ಮಾಯ.

"ಅಂಥಾದ್ದ ಒಂದು ಆಕಿಗೂ ಕೊಟ್ಟಿದ್ರವಾ. ಆದ್ರೂ ನಂದ ಬೇಕಾತು," ಎಂಬುದು ನಮ್ಮತ್ತೆಯ ಮಾತು. ಮದುವೆ ಮನೆಗಳಲ್ಲಿ ಇಬ್ಬರೂ ಒಂದೇ ಸೋಫಾದಲ್ಲಿ ಕುಳಿತು ನನ್ನ ಮೂಲಕ ಮಾತಾಡುತ್ತಿದ್ದರು. "ಅವರಿಗೆ ಪಾಯಸ ಬೇಕೇನು ಕೇಳು." "ಸಕ್ಕರಿ ಐತಿ ನಂಗ, ಅಂತ ಅವರಿಗೆ ಹೇಳು." ಒಂದು ಸಲ ನಾನು ಮಧ್ಯದಿಂದ ಎದ್ದು ಹೋದೆ. ಅವತ್ತು ಇಬ್ಬರಿಗೂ ಪಾಯಸ ಸಿಗಲಿಲ್ಲ.

ಸ್ಕ್ರೂಡ್ರೈವರ್ ಪರೀಕ್ಷೆ

ಪಕ್ಕದ ಮನೆಯ ಮುದುಕನನ್ನು ಕರೆದುಕೊಂಡು ಬಂದೆ. ಅವನು ಸ್ಕ್ರೂಡ್ರೈವರ್ ಹಿಡಿದು ಕಾರನ್ನು ಒಂದು ಸುತ್ತು ಹಾಕಿದ. ಎಲ್ಲಿ ಒತ್ತಿದರೂ ಒಳಗೆ ಹೋಯಿತು. ಬಾಗಿಲಿಗೆ ಒತ್ತಿದ, ಹೋಯಿತು. ಚಕ್ರದ ಮೇಲಿನ ಕಮಾನಿಗೆ ಒತ್ತಿದ, ಹಿಡಿಯ ಸಮೇತ ಹೋಯಿತು, ಆಮೇಲೆ ಕಾರಿನೊಳಗೆ ಎಲ್ಲೋ ಬಿದ್ದ ಸದ್ದು ಕೇಳಿಸಿತು.

ಅವನು ಕಾಗದ ತೆಗೆದು ಚೆನ್ನಾಗಿರುವ ಭಾಗಗಳ ಪಟ್ಟಿ ಬರೆದುಕೊಟ್ಟ. ಎಂಜಿನ್ನು, ಹಾರ್ನು, ಸಿಗರೇಟಿನ ಬೂದಿ ಹಾಕುವ ಡಬ್ಬಿ.

ನನ್ನ ಗಂಡ ಇಲ್ಲೇ ಹುಟ್ಟಿ ಬೆಳೆದವರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಸ್ಕ್ರ್ಯಾಪ್ ಇಟ್," ಎಂದರು. ನಮ್ಮತ್ತೆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ, "ನಿಮ್ಮ ಮಾವ ಸಿಗರೇಟ ಸೇದತಿರಲಿಲ್ಲ, ಹಾರ್ನ ಹೊಡಿಯಾಕ ಧೈರ್ಯ ಇರಲಿಲ್ಲ. ಅದಕ್ಕ ಅವೆರಡು ಉಳದಾವು," ಎಂದರು.

ವಯಸ್ಸಾದವರಿಗೆ ರಿಯಾಯಿತಿ

ಗಂಡ ಸೋಲಲಿಲ್ಲ. ಇಷ್ಟು ಹೊಗೆ ಕಾರುವ ಗಾಡಿಯನ್ನು ಲಂಡನ್ನಿನ ರಸ್ತೆಗಿಳಿಸಿದರೆ ದಿನಾ ಶುಲ್ಕ ಕಟ್ಟಬೇಕಾಗುತ್ತದೆ ಎಂದು ಲ್ಯಾಪ್‌ಟಾಪ್ ತೆರೆದು ಕುಳಿತರು. ಕಾರಿನ ನಂಬರ್ ಹಾಕಿ ನೋಡಿದರೆ, ನಲವತ್ತು ವರ್ಷ ದಾಟಿದೆ, ಚಾರಿತ್ರಿಕ ವಾಹನ, ಏನೂ ಕಟ್ಟಬೇಕಿಲ್ಲ ಎಂದು ಬಂತು. ನಾನು ಸುಮ್ಮನಿರಲಾರದೆ ಅವರ ಡೀಸೆಲ್ ಕಾರಿನ ನಂಬರನ್ನೂ ಹಾಕಿದೆ. ಅದಕ್ಕೆ ದಿನಾ ಕಟ್ಟಬೇಕಿತ್ತು.

ನಮ್ಮತ್ತೆ ತಮ್ಮ ಬಸ್ ಪಾಸ್ ತೆಗೆದು ಮಗನ ಮುಂದಿಟ್ಟು, "ಈ ಊರಾಗ ವಯಸ್ಸಾದವ್ರಿಗೆ ಎಲ್ಲಾ ಫುಕಟ್," ಎಂದರು. ಆ ದಿನದಿಂದ ಗಂಡ ಕಾರಿನ ಸುದ್ದಿಗೆ ಬರಲಿಲ್ಲ.

ಠಣ್

ಪ್ರತಿ ಶನಿವಾರ ಕೆಲಸ. ಮುದುಕ ಬೆಸುಗೆ ಹಾಕುತ್ತಿದ್ದ, ನಾನು ಮರಳು ಕಾಗದ ಹಿಡಿದು ಉಜ್ಜುತ್ತಿದ್ದೆ. ವಾರವೆಲ್ಲ ಕೀಬೋರ್ಡಿನ ಮೇಲೆ ತುಕ್ಕಿನ ಬಣ್ಣದ ಬೆರಳಚ್ಚು. ಆಫೀಸಿನಲ್ಲಿ ಎಲ್ಲರೂ ಗೋರಂಟಿ ಎಂದುಕೊಂಡಿದ್ದರು, ನಾನು ಹೂಂ ಎಂದಿದ್ದೆ.

ಮೇ ತಿಂಗಳ ಒಂದು ಶನಿವಾರ ಕಾರನ್ನು ಜಾಕ್ ಹಾಕಿ ಎತ್ತಿದ್ದೆವು. ಮುದುಕ ಕೆಳಗೆ ಮಲಗಿ ತಳಕ್ಕೆ ಸುತ್ತಿಗೆಯಿಂದ ಬಡಿಯುತ್ತ ಹೋದ. ಎಲ್ಲ ಕಡೆ ಬೂದುಗುಂಬಳಕ್ಕೆ ಬಡಿದ ಸದ್ದು. ಮುಂದೆ ಡ್ರೈವರ್ ಪಕ್ಕ ಕೂರುವವರ ಕಾಲು ಬರುವಲ್ಲಿ ಮಾತ್ರ 'ಠಣ್' ಎಂದಿತು.

ತಳಕ್ಕೆ ಬಳಿದಿದ್ದ ಡಾಂಬರು ಕೆರೆದು ನೋಡಿದ. ತೂತಿಗೆ ತೇಪೆಯಾಗಿ ಒಂದು ದುಂಡನೆಯ ತಟ್ಟೆ, ಅಂಚಿನ ಸುತ್ತ ನಾಲ್ಕು ರಿವೆಟ್ಟು. "ನಿನ್ನ ಮಾವ ಎಲ್ಲಿಂದ ತಂದರು ಇದನ್ನು? ಕೈಯಿಂದ ಬಡಿದು ಮಾಡಿದ್ದು. ಇಷ್ಟು ವರ್ಷಕ್ಕೆ ಚೂರೂ ತುಕ್ಕಿಲ್ಲ. ಎಣ್ಣೆ ಕುಡಿದಿದೆ," ಎಂದ.

ನಾನೂ ಕೆಳಗೆ ತೂರಿದೆ. ನೋಡಿದವಳೇ ಫೋಟೋ ತೆಗೆದುಕೊಂಡು ಅಡುಗೆಮನೆಗೆ ಹೋದೆ. ನಮ್ಮತ್ತೆ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು, ಸಣ್ಣದು ಮಾಡಿದರು, ಮತ್ತೆ ದೊಡ್ಡದು ಮಾಡಿದರು. ಆಮೇಲೆ ಕುರ್ಚಿಯ ಮೇಲೆ ಕುಳಿತರು.

"ಹಂಚು," ಎಂದರು. ಫೋನನ್ನು ಬೋರಲು ಹಾಕಿ, "ನಲವತ್ತು ವರ್ಷ ಆಕಿಗೆ ಕಳ್ಳಿ ಅಂದೆ. ಸಂಸಾರ ಮಾಡಿದ್ದು ಕಳ್ಳನ ಜೋಡಿ," ಎಂದರು.

ಮಾವ ಆಸ್ಪತ್ರೆಯಲ್ಲಿ ನುಂಗಿಕೊಂಡ ಮಾತು ಏನೆಂದು ನನಗೆ ಆಗ ಗೊತ್ತಾಯಿತು. ಅತ್ತೆಯನ್ನು ನೋಡಿ ಸಂಕಟವಾಯಿತು. ಎರಡು ದಿನ ಅವರು ನನ್ನ ಅಡುಗೆಯಲ್ಲಿ ಒಂದು ತಪ್ಪನ್ನೂ ಹುಡುಕಲಿಲ್ಲ. ಮೂರನೆಯ ದಿನ ಅವರನ್ನು ಡಾಕ್ಟರಿಗೆ ತೋರಿಸೋಣ ಎಂದು ಗಂಡನಿಗೆ ಹೇಳುತ್ತಿದ್ದೆ, ಅಷ್ಟರಲ್ಲಿ ಅತ್ತೆ ಗ್ಯಾರೇಜಿಗೇ ಬಂದು ನಿಂತರು. ಹಂಚನ್ನು ಬಿಚ್ಚಿಕೊಡಲು ಹೇಳು, ಹೌನ್ಸ್ಲೋಗೆ ಹೋಗಿ ತಪ್ಪು ಒಪ್ಪಿಕೊಂಡು ಬರುತ್ತೇನೆ ಎಂದರು.

ಮುದುಕ ಒಪ್ಪಲಿಲ್ಲ. "ಈ ಕಾರಿನ ತಳದಲ್ಲಿ ಗಟ್ಟಿ ಇರುವುದು ಇದೊಂದೇ. ಇದನ್ನು ತೆಗೆಯುವುದಾದರೆ ನಾನು ಮನೆಗೆ ಹೋಗುತ್ತೇನೆ."

ನಾನು ಅನುವಾದಿಸಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಹಂಗಾರ ಕಾರ ಸಮೇತ ಹೋಗೂಣು."

ಮುಂದಿನ ಶನಿವಾರದಿಂದ ಗ್ಯಾರೇಜಿನ ಬಾಗಿಲಲ್ಲಿ ಒಂದು ಕುರ್ಚಿ ಬಂತು. ಅದರ ಮೇಲೆ ಅತ್ತೆ. ಮುದುಕ ಚಹಾ ಕುಡಿಯಲು ನಿಂತರೆ ಗಡಿಯಾರ ನೋಡುತ್ತಿದ್ದರು. ಬಸ್ ಗ್ಯಾರೇಜಿನಲ್ಲಿ ಮೂವತ್ತು ವರ್ಷದಲ್ಲಿ ಇಂಥ ಸೂಪರ್‌ವೈಸರನ್ನು ನೋಡಿರಲಿಲ್ಲ ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ.

ಅಸಲಿ ಬಣ್ಣ

ಕಾರಿನ ಮೂಲ ಬಣ್ಣ ಯಾವುದೆಂದು ಯಾರಿಗೂ ನೆನಪಿರಲಿಲ್ಲ. ಅತ್ತೆ ಬದನೆಕಾಯಿ ಬಣ್ಣ ಎಂದರು, ಗಂಡ ಹಸಿರು ಎಂದರು. ಫೋಟೋಗಳೆಲ್ಲ ಕಪ್ಪು ಬಿಳುಪು. ಬಣ್ಣ ಹೊಡೆಯುವವನು ಬಂದು ಮೂತಿಯ ಹತ್ತಿರ ಜಾಗರೂಕತೆಯಿಂದ ಕೆರೆದು ಒಂದು ಚೂರು ತೆಗೆದುಕೊಂಡು ಹೋದ. ಎರಡು ದಿನ ಬಿಟ್ಟು ಬಹಳ ಸಂತೋಷದಿಂದ ಫೋನ್ ಮಾಡಿದ. ಕೆಳಗೆ ಹಳದಿ, ಮೇಲೆ ಕೆಂಪು, ಇಂಥ ಎರಡು ಪದರದ ಬಣ್ಣ ತಮ್ಮ ಯಾವ ಕ್ಯಾಟಲಾಗಿನಲ್ಲೂ ಇಲ್ಲ, ಬಹಳ ಅಪರೂಪದ್ದು, ಮೆಷಿನ್ನಿನಲ್ಲಿ ಹೊಂದಿಸಿ ಅದನ್ನೇ ಹೊಡೆಯುತ್ತೇನೆ ಎಂದ. ನಾವು ಹೆಮ್ಮೆಯಿಂದ ಒಪ್ಪಿದೆವು.

ಬಣ್ಣ ಒಣಗಿ ಕಾರು ಬಿಸಿಲಿಗೆ ಬಂದಾಗ ಅತ್ತೆ ಸುತ್ತ ಒಂದು ಸಲ ನಡೆದು ಮೂತಿಯ ಮುಂದೆ ನಿಂತರು.

"ನಿಮ್ಮ ಮಾವ ಓಡದ ಗಾಡಿಗೂ ವರ್ಷಾ ಪೂಜಿ ಮಾಡತಿದ್ರು. ಎಣ್ಣಿ ಕೈಲೇ ಅರಿಷಿಣ, ಅದರ ಮ್ಯಾಲ ಕುಂಕುಮ," ಎಂದರು. "ಆಂವ ಕೆರಕೊಂಡು ಹೋಗಿದ್ದು ಅದನ್ನ."

ಬಂಪರಿನಿಂದ ಬಂಪರಿನವರೆಗೆ ಅಪ್ಪಟ ಕುಂಕುಮ.

ಕೋರ್ಟ್ ಕೇಸು

ಆಯುಧ ಪೂಜೆಯ ದಿನ ಮೂರನೆಯ ಸಲ ಕೀಲಿ ತಿರುಗಿಸಿದಾಗ ಎಂಜಿನ್ನು ಎದ್ದಿತು. ಅದರ ಸದ್ದಿಗೆ ಬೀದಿಯ ಎರಡು ಮನೆಗಳ ಕಳ್ಳರ ಅಲಾರಾಂ ಹೊಡೆದುಕೊಂಡವು. ಕಾರು ನಾಲ್ಕು ನಿಂಬೆಹಣ್ಣು ಹಿಚುಕಿ, ಚೆಂಡುಹೂವಿನ ಹಾರ ಹಾಕಿಕೊಂಡು, ತನ್ನ ಕಾಲ ಮೇಲೆ ಹೊರಗೆ ಬಂತು. ನನಗೆ ಅಳು ಬಂತು. ಮುದುಕ ಮೂಗು ಒರೆಸಿಕೊಂಡು, ಪೆಟ್ರೋಲಿನ ಘಾಟು ಎಂದ.

ನಾನು ಎಡಗಡೆ, ಸ್ಟೇರಿಂಗ್ ಹಿಡಿದು. ಅತ್ತೆ ಬಲಗಡೆ, ರೇಷ್ಮೆ ಸೀರೆಯಲ್ಲಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು. ಕಾಲು ಕೆಳಗೆ ಬಿಡಿ ಎಂದರೆ, "ಕೆಳಗ ಹಂಚೈತಿ. ರೊಟ್ಟಿ ಹಂಚಿಗೆ ಕಾಲು ಹಚ್ಚತಾರೇನು?" ಎಂದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ತಪ್ಪೊಪ್ಪಿಗೆಯ ಮಾತನ್ನು ಬಾಯಿಪಾಠ ಮಾಡುತ್ತಿದ್ದರು. "ತಪ್ಪಾತು, ಆದ್ರ ನೀನೂ ಒಂದು ಮಾತು ಕೇಳಬೇಕಿತ್ತು," ಎಂದರು. 'ಆದ್ರ' ಬರಬಾರದು, ಟೆಸ್ಟ್ ಫೇಲ್ ಎಂದೆ. ಮತ್ತೆ ಶುರು ಮಾಡಿದರು.

ಈ ಊರಿನಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಎದುರಿನಿಂದ ಬಂದ ಬಸ್ಸಿನ ಡ್ರೈವರಿಗೆ ಕಂಡದ್ದು, ಎಂಬತ್ತರ ಹತ್ತಿರದ ಮುದುಕಿಯೊಬ್ಬಳು ಪದ್ಮಾಸನ ಹಾಕಿ, ಕೈ ಮುಗಿದು, ಕಣ್ಣು ಮುಚ್ಚಿಕೊಂಡು ಕಾರು ಓಡಿಸುತ್ತಿರುವುದು. ಅವನು ಬಸ್ಸನ್ನು ಪೂರ್ತಿ ಫುಟ್‌ಪಾತಿನ ಪಕ್ಕಕ್ಕೆ ತಂದು ನಿಲ್ಲಿಸಿದ.

ಪಂಜಾಬಿಗಳೇ ತುಂಬಿರುವ ಸೌತ್‌ಹಾಲ್ ಬ್ರಾಡ್‌ವೇಯ ಟ್ರಾಫಿಕ್ಕಿನಲ್ಲಿ ಎಂಜಿನ್ನು ನಿಂತಿತು. ಕೆಂಪು ಕಾರು, ಹಾರ, ರೇಷ್ಮೆ ಸೀರೆ ನೋಡಿ ಜನ ಸೇರಿದರು. ಒಬ್ಬ ಹೆಂಗಸು ಬಗ್ಗಿ, ಯಾರ ಮದುವೆ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಕಣ್ಣು ತೆರೆಯದೆ, "ನೋ ವೆಡ್ಡಿಂಗ್. ಕೋರ್ಟ್ ಕೇಸ್," ಎಂದರು. ಜನ ತಾವಾಗಿಯೇ ತಳ್ಳಿ ಕಾರನ್ನು ಚಾಲೂ ಮಾಡಿಕೊಟ್ಟರು.

ಹೌನ್ಸ್ಲೋ

ಹೌನ್ಸ್ಲೋ ಅತ್ತೆಯ ಮನೆ ವಿಮಾನಗಳು ಇಳಿಯುವ ದಾರಿಯ ಸರಿಯಾಗಿ ಕೆಳಗಿದೆ. ಅಲ್ಲಿಯವರು ವಿಮಾನ ಬಂದರೆ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸುತ್ತಾರೆ. ನಮ್ಮತ್ತೆಗೆ ಇದು ಗೊತ್ತಿಲ್ಲ, ನಲವತ್ತು ವರ್ಷದಿಂದ ಬಂದಿರಲಿಲ್ಲವಲ್ಲ.

ಬಾಗಿಲು ತೆರೆಯಿತು. ನಮ್ಮತ್ತೆ ಉಸಿರು ಎಳೆದುಕೊಂಡು, "ತಪ್ಪಾತು," ಎಂದರು. ತಲೆಯ ಮೇಲೆ ವಿಮಾನ ಹೋಯಿತು.

"ಏನಂದ್ರಿ?" ಎಂದರು ಹೌನ್ಸ್ಲೋ ಅತ್ತೆ. ನಲವತ್ತು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

"ನಂದು ತಪ್ಪಾತು." ಇನ್ನೊಂದು ವಿಮಾನ.

ಮೂರನೆಯ ಸಲ ಕೂಗಿ ಹೇಳಬೇಕಾಯಿತು. ಎದುರು ಮನೆಯವರೂ ಹೊರಗೆ ಬಂದರು. ಆಮೇಲೆ ಕಾರಿನ ತಳ, ಡಾಂಬರು, ರಿವೆಟ್ಟು ಎಲ್ಲ ಹೇಳಿ, "ಹಂಚು ಕದ್ದಾಂವ ನಿಮ್ಮಣ್ಣ. ನಾ ಸುಮ್ಮನ ನಿನಗ ಕಳ್ಳಿ ಅಂದೆ," ಎಂದು ಮುಗಿಸಿದರು. 'ಆದ್ರ' ಬರಲಿಲ್ಲ. ಟೆಸ್ಟ್ ಪಾಸ್.

ಹೌನ್ಸ್ಲೋ ಅತ್ತೆ ಒಳಗೆ ಹೋದರು. ಹಳೆಯ ದಿಂಬಿನ ಚೀಲದಲ್ಲಿ ಸುತ್ತಿದ ಭಾರದ ಗಂಟೊಂದನ್ನು ತಂದು ನಮ್ಮತ್ತೆಯ ಕೈಗಿಟ್ಟರು. ಬಿಚ್ಚಿದರೆ ಹಂಚು.

"ಇದು ನಿಮ್ದು, ವೈನಿ," ಎಂದರು ತಲೆ ತಗ್ಗಿಸಿ. "ನಾನ ತಗೊಂಡಿದ್ದೆ. ಇಲ್ಲಿ ಬಂದು ಸಾಮಾನು ಬಿಚ್ಚಿದ್ರ ನನ್ನ ಹಂಚು ಇರಲಿಲ್ಲ. ನೀವ ಇಟಗೊಂಡೀರಿ ಅಂದ್ಕೊಂಡು, ಊಟಕ್ಕ ಬಂದಾಗ ನಿಮ್ದು ತಂದೆ."

"ಹಂಗಾರ ಕಾರಿನ್ಯಾಗ ಇರೂದು?"

ಇಬ್ಬರೂ ತಿರುಗಿ ಕಾರನ್ನು ನೋಡಿದರು. ತಂಗಿ ಕಟ್ಟಿಟ್ಟ ಸಾಮಾನಿನೊಳಗಿಂದ ಅಣ್ಣ ಎತ್ತಿದ ಹಂಚು ಅದು. ಒಂದು ಹಂಚು ಕದ್ದು ಇಬ್ಬರ ನಡುವೆ ನಲವತ್ತು ವರ್ಷ ತುಟಿ ಬಿಚ್ಚದೆ ಬದುಕಿದ ಮನುಷ್ಯ. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಗುತ್ತ ನಗುತ್ತ ಇಬ್ಬರೂ ಒಬ್ಬರ ಸೆರಗಿನಲ್ಲಿ ಒಬ್ಬರು ಕಣ್ಣು ಒರೆಸಿಕೊಂಡರು.

ಆದರೆ ನಮ್ಮತ್ತೆ ಬೇಗ ಸುಧಾರಿಸಿಕೊಂಡರು. "ಅಂದ್ರ ನಾ ನಲವತ್ತು ವರ್ಷ ಹೇಳಿದ್ದು ಖರೇನ ಇತ್ತು. ನೀನ ತಗೊಂಡಿದ್ದಿ. ಮತ್ತ ನಾ ಮೂರು ಸಲ ತಪ್ಪಾತು ಅಂದೀನಿ, ಓಣಿ ಮಂದಿ ಮುಂದ. ಎಲ್ಲಾ ವಾಪಸ್ ಕೊಡು."

ಹೌನ್ಸ್ಲೋ ಅತ್ತೆ ಮೂರು ಸಲ ಹೇಳಿದರು. ವಿಮಾನ ಇಲ್ಲದ ಹೊತ್ತು ನೋಡಿ ಹೇಳಿದರು, ಅವರಿಗೆ ಅಭ್ಯಾಸವಿತ್ತು.

ಸಂಜೆಗೆ ಹ್ಯಾರೋದಲ್ಲಿ ಜೋಳದ ರೊಟ್ಟಿ ಎಂದು ತೀರ್ಮಾನವಾಯಿತು. ನಾನು ಕಾರು ಚಾಲೂ ಮಾಡಿದೆ. ಹೌನ್ಸ್ಲೋ ಅತ್ತೆ ಹೋಗಿ ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟರು. "ನೀವು ಹಿಂದ ಕೂಡ್ರಿ ವೈನಿ. ಇಲ್ಲಿ ಕೆಳಗಿರೂ ಹಂಚು ನಂದು."

ನಮ್ಮತ್ತೆ ತಮ್ಮ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ನೋಯುತ್ತಿದ್ದ ಮಂಡಿಗಳನ್ನು ಆರಾಮಾಗಿ ಚಾಚಿದರು. ನಾನು ಗೇರು ಹಾಕುವಷ್ಟರಲ್ಲಿ ಅವರ ಕೈ ಹಿಂದಿನಿಂದ ಬಂದು ನಾದಿನಿಯ ಭುಜ ತಟ್ಟಿತು.

"ಕಾಲು ಮ್ಯಾಲ ತಗೊ," ಎಂದರು. "ಬರೂ ಮುಂದ ನಿನ್ನ ಹಂಚಿನ ಮರ್ಯಾದಿ ನಾ ಕಾಯ್ದೀನಿ. ಇನ್ನ ನಿನ್ನ ಪಾಳಿ."