ಎಂಜಿನ್ನಿಗೆ ಕೊಟ್ಟ ಕೊಸರು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಅಳೆಯುತ್ತಿರುವ ನನಗೆ ಒಂದು ಎಂಜಿನ್ ಅಳೆಯುವುದು ಎಷ್ಟರ ಕೆಲಸ? ಹೀಗೆಂದು ನಾನು ನಂಬಿದ್ದೆ. ಮನಸಾರೆ ನಂಬಿದ್ದೆ. ಈಗ ನಮ್ಮ ಮನೆಯ ಮುಂದೆ ನಿಂತಿರುವ ವಸ್ತುವಿಗೆ ಆ ನಂಬಿಕೆಯೇ ಕಾರಣ.

ಆ ವಸ್ತು ಮೊದಲು ಅಂಬಾಸಿಡರ್ ಕಾರಾಗಿತ್ತು, ನನ್ನ ಮಾವನವರದು. ಭದ್ರಾವತಿಯ ಕಾರ್ಖಾನೆಯಲ್ಲಿ ಜೀವಮಾನವಿಡೀ ಕಬ್ಬಿಣ ಕರಗಿಸಿ, ನಿವೃತ್ತಿಯ ಹಣದಲ್ಲಿ ಕೊಂಡದ್ದು. ಅತ್ತೆ ತೀರಿಕೊಂಡ ಮೇಲೆ ಅವರ ಕಣ್ಣೂ ಮಂಜಾಯಿತು. ಕಾರಿನ ಕೀಲಿಕೈಯನ್ನು ನನ್ನ ಕೈಗಿಟ್ಟು ಒಂದೇ ಒಂದು ಮಾತು ಕೇಳಿದರು.

"ಅಳಿಯಂದ್ರೆ, ನನಗೆ ಎಂಬತ್ತು ತುಂಬೋ ದಿನ ಇದೇ ಕಾರಲ್ಲಿ ಕೆಮ್ಮಣ್ಣುಗುಂಡಿಗೆ ಕರ್ಕೊಂಡ್ ಹೋಗ್ಬೇಕು. ನಾನು, ನಿಮ್ಮತ್ತೆ ಹೋದಾಗೆಲ್ಲ ಕೂರ್ತಿದ್ದ ಒಂದು ಕಲ್ಲಿದೆ ಅಲ್ಲಿ. ಮತ್ತೊಂದ್ಸಲ ಕೂರ್ಬೇಕು."

"ಅಷ್ಟೇನಾ ಮಾವ!" ಎಂದೆ ನಾನು.

ಎಂಬತ್ತು ತುಂಬುವುದಕ್ಕೆ ಇನ್ನೂ ಐದು ತಿಂಗಳಿರುವಾಗ, ದಾರಿ ನೋಡಿಕೊಂಡು ಬರೋಣವೆಂದು ನಾನೂ ನನ್ನ ಹೆಂಡತಿ ಗಿರಿಜಾಳೂ ಹೊರಟೆವು. ಲಿಂಗದಹಳ್ಳಿ ದಾಟಿ ಘಟ್ಟ ಹತ್ತುವಾಗ ಕಾರು ಕೆಮ್ಮಿತು. ಆಮೇಲೆ ನಿಂತಿತು. ಆಮೇಲೆ ಹಿಂದಕ್ಕೆ ಹೊರಟಿತು! ಗಿರಿಜಾ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಿದ್ದರಿಂದ ಈ ಲೇಖನ ಬರೆಯಲು ನಾನು ಉಳಿದಿದ್ದೇನೆ.

ಮಾಚೇನಹಳ್ಳಿಯಲ್ಲಿ ಶೆಡ್ ಇಟ್ಟುಕೊಂಡಿರುವ ಮೆಕ್ಯಾನಿಕ್ ರಫೀಕ್ ಸಾಬರು ಕಾರಿನ ಹೊಟ್ಟೆಗೆ ಕಿವಿ ಕೊಟ್ಟು ಕೇಳಿ, "ಇದೇ ಎಂಜಿನ್ ಬಿಚ್ಚಿ ರಿಪೇರಿ ಮಾಡ್ತೀನಿ ಸಾವ್ಕಾರ್ರೆ. ಘಟ್ಟ ಹತ್ತುತ್ತೆ" ಎಂದರು. ಅಲ್ಲಿಗೆ ಮುಗಿಯಬೇಕಾಗಿದ್ದ ಕಥೆ ಇದು. ಆದರೆ ನಾನು ಒಂದು ವಾರದಿಂದ ಮೊಬೈಲಿನಲ್ಲಿ ಎಂಜಿನ್ ಬದಲಿಸುವ ವಿಡಿಯೋಗಳನ್ನು ನೋಡಿ ಪಂಡಿತನಾಗಿದ್ದೆ.

"ದೊಡ್ಡ ಎಂಜಿನ್ನೇ ಹಾಕೋಣ ಸಾಬ್ರೆ. ಭದ್ರಾವತಿ ಗುಜರಿಯಲ್ಲಿ ಗೂಡ್ಸ್ ವ್ಯಾನಿನ ಡೀಸೆಲ್ ಎಂಜಿನ್ ಸಸ್ತಾದಲ್ಲಿದೆ."

ಸಾಬರು ತಲೆ ಕೆರೆದುಕೊಂಡರು. "ಹಂಗಾದ್ರೆ ನಾನೇ ಬಂದು ಅಳತೆ ನೋಡ್ತೀನಿ. ಒಂದಿನದ ಕೂಲಿ ಕೊಡಿ, ಸಾಕು."

"ಅಳತೆಗೂ ಕೂಲಿನಾ ಸಾಬ್ರೆ? ನಾನ್ಯಾರು ಗೊತ್ತಲ್ಲ?"

"ಗೊತ್ತು ಸಾವ್ಕಾರ್ರೆ. ಅದಕ್ಕೇ ಹೇಳಿದ್ದು."

ನಾನು ಕೇಳಲಿಲ್ಲ. ಎಂಜಿನ್ ಎಷ್ಟು ಉದ್ದ, ಅಗಲ, ಎತ್ತರದ ಒಳಗಿರಬೇಕೆಂದು ಅವರಿಂದ ಚೀಟಿಯಲ್ಲಿ ಬರೆಸಿಕೊಂಡು, ಅಂಗಡಿಯ ಮೀಟರ್ ಕಡ್ಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ನನ್ನ ತಾತನ ಕಾಲದಿಂದ ಬಂದ ಪದ್ಧತಿಯಂತೆ ಕಡ್ಡಿ ಇಟ್ಟೆ, ಹೆಬ್ಬೆರಳು ಇಟ್ಟೆ, ಗುರುತು ಹಾಕಿದೆ. ಉದ್ದ ಸರಿ. ಅಗಲ ಸರಿ. ಎತ್ತರ ಸರಿ. ಹೇಳಿ ಮಾಡಿಸಿದ ಹಾಗಿತ್ತು!

"ಹಳೇ ಎಂಜಿನ್ ಕೊಟ್ರೆ ಇನ್ನೂ ಕಮ್ಮಿ ಮಾಡ್ತೀನಿ ಸಾರ್" ಎಂದ ಗುಜರಿಯವನು. ಕಮ್ಮಿ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಬೇರೇನೂ ಕೇಳಿಸುವುದಿಲ್ಲ. ಮರುದಿನವೇ ಮಾವನವರ ಎಂಜಿನ್ ಕಾರಿನಿಂದ ಇಳಿದು ಗುಜರಿ ಸೇರಿತು.

ಗಿರಿಜಾ ಮಾತ್ರ ಕೇಳಿದಳು: "ರೀ, ಹೊಸದು ಕೂರುತ್ತೋ ಇಲ್ವೋ ನೋಡದೆ ಹಳೇದು ಕೊಟ್ರಾ?"

"ಮಾರಾಯ್ತಿ, ಅಳತೆ ನಂದು!" ಎಂದೆ.

ಹೊಸ ಎಂಜಿನ್ನಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಕಾಯಿ ಒಡೆದು, ಸರಪಳಿಯಲ್ಲಿ ತೂಗಿ ಇಳಿಸಿದರು. ಇಳಿಯಿತು, ಇಳಿಯಿತು, ಅರ್ಧಕ್ಕೆ ನಿಂತಿತು. ಎಡಕ್ಕೆ ತಳ್ಳಿದರೆ ಎಡಕ್ಕೆ ತಾಗುತ್ತದೆ. ಬಲಕ್ಕೆ ತಳ್ಳಿದರೆ ಬಲಕ್ಕೆ ತಾಗುತ್ತದೆ. ಸಾಬರು ಚೀಟಿ ನೋಡಿದರು, ಎಂಜಿನ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಸಾವ್ಕಾರ್ರೆ, ನನ್ನೆದುರಿಗೆ ಇನ್ನೊಂದ್ಸಲ ಅಳೀರಿ."

ಅಳೆದೆ.

"ಕಡ್ಡಿ ಮುಗಿದ್ಮೇಲೆ ಹೆಬ್ಬೆರಳು ಯಾಕೆ ಇಡ್ತೀರಿ? ಬೆರಳಿನ ಆಚೆಗೆ ಯಾಕೆ ಗುರುತು ಹಾಕ್ತೀರಿ?"

ನಮ್ಮ ಅಂಗಡಿಯಲ್ಲಿ ಗಿರಾಕಿಗೆ ಕಡ್ಡಿ ತೋರಿಸುವಷ್ಟೇ ಬಟ್ಟೆ ಕತ್ತರಿಸುವುದಿಲ್ಲ. ಕಡ್ಡಿಯ ಆಚೆ ಒಂದು ಬೆರಳು ಬಿಟ್ಟು ಕತ್ತರಿ ಹಾಕುತ್ತೇವೆ. ಅದು ಕೊಸರು. ತಾತ ಕೊಟ್ಟರು, ಅಪ್ಪ ಕೊಟ್ಟರು, ನಾನೂ ಕೊಡುತ್ತೇನೆ. ಆ ಬೆರಳು ಲೆಕ್ಕಕ್ಕಿಲ್ಲ. ಅಂದು ಗುಜರಿಯಲ್ಲಿ ನನ್ನ ಕೈ, ನನ್ನನ್ನು ಒಂದು ಮಾತೂ ಕೇಳದೆ, ಎಂಜಿನ್ನಿನ ಉದ್ದದಲ್ಲಿ ಒಂದು ಬೆರಳು, ಅಗಲದಲ್ಲಿ ಒಂದು ಬೆರಳು, ಎತ್ತರದಲ್ಲಿ ಒಂದು ಬೆರಳು ಲೆಕ್ಕ ಬಿಟ್ಟಿತ್ತು! ಬಟ್ಟೆಯಾಗಿದ್ದರೆ ಗಿರಾಕಿ ಹರಸಿ ಹೋಗುತ್ತಿದ್ದ. ಇದು ಕಬ್ಬಿಣ.

ಗುಜರಿಗೆ ಓಡಿದೆ. "ಹಳೇದಾ ಸಾರ್? ಒಡೆದು ಕರಗ್ಸೋಕೆ ಕಳ್ಸಾಯ್ತಲ್ಲ!" ಎಂದ. ಮಾವನವರು ಕಬ್ಬಿಣ ಕರಗಿಸಿ ಕೊಂಡ ಕಾರಿನ ಎಂಜಿನ್ನನ್ನು ನಾನು ಮತ್ತೆ ಕಬ್ಬಿಣ ಕರಗಿಸಲು ಕಳಿಸಿದ್ದೆ. ವಾಪಸು ಬರುವ ಬಸ್ಸಿನಲ್ಲಿ ನಿಜವಾಗಿಯೂ ಅಳು ಬಂತು. ಮಾವನವರಿಗೆ ಏನೆಂದು ಹೇಳುವುದು?

ಹೇಳಲಿಲ್ಲ. ಬದಲಿಗೆ "ಹೇಗಾದ್ರೂ ಕೂರಿಸಿ ಸಾಬ್ರೆ" ಎಂದು ಕೈಮುಗಿದೆ. ಉದ್ದ ಹೆಚ್ಚಾಯಿತೆಂದು ರೇಡಿಯೇಟರನ್ನು ಮುಂದೆ ತಳ್ಳಿದರು. ಅಗಲ ಹೆಚ್ಚಾಯಿತೆಂದು ಪಕ್ಕದ ತಗಡು ಕೊಯ್ದರು. ಎತ್ತರ ಹೆಚ್ಚಾಯಿತೆಂದು ಬಾನೆಟ್ಟಿಗೆ ತೂತು ಕೊರೆದರು. ಎಂಜಿನ್ ಆ ತೂತಿನಿಂದ ತಲೆ ಹೊರಗೆ ಹಾಕಿ ಜಗತ್ತನ್ನು ನೋಡತೊಡಗಿತು. ಭಾರಕ್ಕೆ ಕಾರಿನ ಮೂತಿ ನೆಲಕ್ಕೆ ಬಾಗಿತು. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕೆಂಬ ಸಣ್ಣ ವಿಷಯ ಆಗ ನೆನಪಾಯಿತು.

"ನಾನು ಹೇಳಿದ ರಿಪೇರಿ ಮಾಡಿದ್ರೆ ಇದರ ಅರ್ಧಕ್ಕೆ ಮುಗೀತಿತ್ತು" ಎಂದರು ಸಾಬರು. ಸಮಾಧಾನ ಹೇಳುವ ರೀತಿ ಅವರದು.

ಅಂದೇ ನಾನು ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ಕಡ್ಡಿ ಎಂದರೆ ಕಡ್ಡಿ! ಮೂರು ತಲೆಮಾರಿನ ಕೊಸರು ಅಂದಿಗೆ ಬಂದ್. ಮಾವನವರ ಹುಟ್ಟುಹಬ್ಬದ ತುಂಬುತೋಳಿನ ಅಂಗಿಗೆ ಬಿಳಿ ಬಟ್ಟೆಯನ್ನು ಕೂದಲೆಳೆಯಷ್ಟೂ ಹೆಚ್ಚಾಗದಂತೆ ಕತ್ತರಿಸಿ, ಅವರ ಹಳೆಯ ದರ್ಜಿಗೆ ಕಳಿಸಿದೆ.

ಆ ದಿನ ಬಂತು. ಮಾವನವರು ಮಗ ಸೊಸೆಯೊಂದಿಗಿರುವ ಭದ್ರಾವತಿಯ ಜನ್ನಾಪುರದ ಮನೆಯ ಮುಂದೆ, ಅನುಮತಿಯೂ ಇಲ್ಲದ, ಮಾನವೂ ಇಲ್ಲದ ಕಾರನ್ನು ತಂದು ನಿಲ್ಲಿಸಿದೆ. ಅವರು ಹೊಸ ಅಂಗಿಯ ಮೇಲೆ ಶಾಲು ಹೊದ್ದು ಬಂದು, ಬಾನೆಟ್ಟಿನ ತೂತನ್ನು ಬೆರಳಿನಿಂದ ಸವರಿದರು.

"ಇದೇನು ಅಳಿಯಂದ್ರೆ?"

"ಗಾಳಿಗೆ, ಮಾವ."

ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಗಿರಿಜಾ, ಬುತ್ತಿಯ ಸಮೇತ. ಎಂಜಿನ್ ಶುರು ಮಾಡಿದೆ. ಕಾರು ಎಷ್ಟು ಅದುರಿತೆಂದರೆ ಮಾವನವರು ಹಲ್ಲಿನ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡರು. ಹೊರಟೆವು. ಹೊಗೆ ಹಿಂದೆ, ನಾವು ಮುಂದೆ. ಬೀದಿಯ ಇನ್ನೊಂದು ಕೊನೆಯಲ್ಲಿ, ನಾನು ಬರುವಾಗ ಸಿಗದ, ಒಂದು ರೋಡ್ ಹಂಪ್. ಮೆಲ್ಲಗೆ ಹತ್ತಿಸಿದೆ. ಕರ್ ಎಂದಿತು. ನಿಂತಿತು. ಬಾಗಿದ ಮೂತಿ ಹಂಪಿಗೆ ಕಚ್ಚಿಕೊಂಡು ಕೂತುಬಿಟ್ಟಿತ್ತು.

ಕೆಮ್ಮಣ್ಣುಗುಂಡಿ ಘಟ್ಟಕ್ಕೆಂದು ತಂದ ಎಂಜಿನ್ ಜನ್ನಾಪುರದ ಹಂಪ್ ಹತ್ತಲಿಲ್ಲ!

"ಟ್ಯಾಕ್ಸಿ ಕರೀಲಾ ಅಪ್ಪಾ?" ಎಂದಳು ಗಿರಿಜಾ.

"ಬೇಡಮ್ಮ. ಇದರಲ್ಲೇ ಅಂತ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ."

ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಗುಜರಿ, ಹಳೆಯ ಎಂಜಿನ್, ಬೆರಳು, ಕೊಸರು ಎಲ್ಲವನ್ನೂ ಒಪ್ಪಿಕೊಂಡೆ. ಬಯ್ಯಲಿ ಎಂದು ಕಾದೆ. ಮಾವನವರು ನಿಧಾನವಾಗಿ ಹಲ್ಲಿನ ಸೆಟ್ಟು ಹಾಕಿಕೊಂಡರು. ಆಮೇಲೆ ಶಾಲು ತೆಗೆದು ಎರಡೂ ಕೈ ನನ್ನ ಮುಂದೆ ಚಾಚಿದರು. ತುಂಬುತೋಳಿನ ಹೊಸ ಅಂಗಿ ಮಣಿಕಟ್ಟಿಗಿಂತ ಮೂರು ಬೆರಳು ಮೇಲೆಯೇ ಮುಗಿದಿತ್ತು.

"ನಿಮ್ಮಂಗಡಿ ಬಟ್ಟೇಲಿ ಯಾವಾಗ್ಲೂ ಕೊಸರು ಇರ್ತದೆ ಅಂತ ನಂಬಿ ದರ್ಜಿ ಅಳೀದೇನೇ ಕತ್ತರಿ ಹಾಕ್ಬಿಟ್ಟನಂತೆ, ತೋಳಿಗೆ ಬಟ್ಟೆ ಸಾಲ್ಲಿಲ್ವಂತೆ" ಎಂದರು. "ಎಂಜಿನ್ನಿಗೆ ಕೊಟ್ಟ ಕೊಸರು ನನ್ನ ಅಂಗಿಗೆ ಕೊಡ್ಬಾರ್ದಿತ್ತಾ, ಅಳಿಯಂದ್ರೆ?"